ಹೊಸ ವಿಭಾಗಕ್ಕೆ ಹೆದರಿದ ಮೇಸ್ತ್ರಿ

ರೈಲ್ವೆ ವಿಭಾಗದ ಇತಿಹಾಸ ಬರೆಯುವವರು ಯಾವಾಗಲೂ ಗಡಿಗೆರೆ ಎಳೆದವರ ಕಡೆ ನಿಂತು ಬರೆಯುತ್ತಾರೆ. ಕಂಪನಿ ಹಳಿ ಹಾಕಿತು, ಸರ್ಕಾರ ವಹಿಸಿಕೊಂಡಿತು, ವಲಯ ಬದಲಾಯಿತು, ಮುಗೀತು. ಯಾದಗಿರಿ ನಿಲ್ದಾಣ ಕುಂತಲ್ಲೇ ಕುಂತಿತ್ತು, ಒಡೆಯರು ಬದಲಾದರು. ಸುಳ್ಳಲ್ಲ. ಆದರೆ ಗೆರೆ ಬೀಳುವ ಮೊದಲೇ, ಬೀಳುತ್ತದಂತೆ ಎಂಬ ಸುದ್ದಿಗೇ ಒಂದು ಮನೆ ಎರಡಾಗಬಹುದು. ಅದನ್ನು ಯಾರೂ ಬರೆಯುವುದಿಲ್ಲ.

ಅಪ್ಪ ಹಳಿ ರಿಪೇರಿ ಮಾಡುವ ಗ್ಯಾಂಗಿನವನು. ಗ್ಯಾಂಗಿನ ಮೇಸ್ತ್ರಿ ಕೃಷ್ಣೆಯಾಚೆಯ ತೆಲುಗು ಮನುಷ್ಯ, ಮದುವೆಯಾಗಿದ್ದು ಇಲ್ಲೇ ಪಕ್ಕದ ಮುದನಾಳದ ಹೆಣ್ಣನ್ನು. ನಮ್ಮ ವಿಭಾಗದ ಕಚೇರಿ ಆಂಧ್ರದಲ್ಲಿದೆ. ಹಳಿ ಎತ್ತುವಾಗ ಕೂಗುವ ಪದವೂ ಹಾಗಾಗಿಯೇ ತೆಲುಗು. ಮೇಸ್ತ್ರಿ ಕೂಗಿದರೆ ಕೊಂಕಲ್ಲಿನ, ಶಹಾಪುರದ ಕನ್ನಡದವರು ಅರ್ಥ ಗೊತ್ತಿಲ್ಲದೆಯೇ ಒಟ್ಟಿಗೆ ದನಿಗೂಡಿಸಿ ಎತ್ತುತ್ತಿದ್ದರು.

ನಾನು ಭೀಮರಾಯನಗುಡಿಯ ಕಾಲೇಜಿನಲ್ಲಿ ಓದುವಾಗ ನಮ್ಮ ರಾಜ್ಯದಲ್ಲೇ ಹೊಸ ರೈಲ್ವೆ ವಿಭಾಗವಾಗುವ ಸುದ್ದಿ ಬಂತು. ನಮ್ಮ ಕಡೆಯ ಹಳಿಯೆಲ್ಲ ಅದಕ್ಕೆ ಸೇರುತ್ತದಂತೆ. ರೈಲೇ ಇಲ್ಲದ ಸುರಪುರದಲ್ಲೂ ಪೇಡೆ ಹಂಚಿದರು. ಗ್ಯಾಂಗಿನಲ್ಲಿ ಮಾತ್ರ ಬೇರೆ ಲೆಕ್ಕ. ರೈಲ್ವೆಯಲ್ಲಿ ನೌಕರನ ಹಿರಿತನ ವಿಭಾಗದೊಳಗೇ ನಡೆಯುತ್ತದೆ. ಹೊಸ ವಿಭಾಗಕ್ಕೆ ಬಿದ್ದವರು ಬಡ್ತಿಯ ಸಾಲಿನ ಕೊನೆಗೆ ಹೋಗುತ್ತಾರೆ ಅಂತ ಯಾರೋ ಅಂದರು, ಎಲ್ಲರೂ ನಂಬಿದರು. ಹಳೆಯ ವಿಭಾಗದಲ್ಲೇ ಉಳಿಯಲು ಮೇಸ್ತ್ರಿ ಆಂಧ್ರದ ಕಡೆಗೆ ವರ್ಗ ಕೇಳಲು ಹೊರಟರು.

ನಾನು ರಜೆಗೆ ಬಂದಾಗ ರೈಲ್ವೆ ಕ್ವಾರ್ಟರ್ಸಿನ ಕಟ್ಟೆಯ ಮೇಲೆ ಅವರೂ ಅಪ್ಪನೂ ಚಹಾ ಕುಡಿಯುತ್ತಿದ್ದರು.

"ಬಂದ್ಲು ನೋಡ್ರಿ ನಮ್ಮ ವಕೀಲ್‌ಸಾಬ," ಅಂದ ಅಪ್ಪ; ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ವಾದಿಸುವ ನನಗೆ ಅವನಿಟ್ಟ ಹೆಸರು ಅದು. "ಯಾಕ ಹೊಂಟೀರಂತ ನೀವರ ಹೇಳ್ರಿ, ನನ್ನ ಮಾತಂತೂ ಕೇಳಲ್ಲ ಇಕಿ."

"ಕಾಕಾ, ಆದೇಶ ಎಲ್ಲದ? ತೋರಸ್ರಿ," ಅಂದೆ ಮೇಸ್ತ್ರಿಗೆ.

"ಆದೇಶ ಬಂದ ಮ್ಯಾಲ ಎಲ್ರೂ ಓಡ್ತಾರಮ್ಮಾ. ಆವಾಗ ನಂಗ ಜಾಗ ಯಾರು ಕೊಡ್ತಾರ?"

"ಗಾಳಿ ಮಾತಿಗಿ ಮನಿ ಎತ್ತತಾರೇನ್ರಿ? ಕಾಕಿ ಏನಂತಾಳ?"

ಮೇಸ್ತ್ರಿ ಬಟ್ಟಲು ಕೆಳಗಿಟ್ಟರು. "ಆಕಿ ಅವ್ವನ್ನ ಬಿಟ್ಟು ಬರಲ್ಲಂತ. ಮುದುಕಿಗಿ ಕಣ್ಣು ಕಾಣಲ್ಲ. ಒಂದೆರಡು ವರ್ಷ ನೋಡೋಣಂತ ಹೇಳೀನಿ."

ಚರ್ಚಾಸ್ಪರ್ಧೆಯಲ್ಲಾದರೆ ಅಲ್ಲಿಗೆ ನನ್ನ ಗೆಲುವು. ಆಧಾರವಿಲ್ಲ, ದಾಖಲೆಯಿಲ್ಲ, ಬರೀ ಭಯ. ಆದರೆ ಅವರ ಮಾತಿನಲ್ಲೂ ಒಂದು ತರ್ಕವಿತ್ತು. ಕೆಳಗಿನ ನೌಕರನಿಗೆ ಆದೇಶ ಮುಟ್ಟುವ ಹೊತ್ತಿಗೆ ಖಾಲಿ ಜಾಗಗಳು ತುಂಬಿರುತ್ತವೆ. ಸುದ್ದಿಯನ್ನು ನಂಬುವುದು ಅವರಿಗೆ ಮೂರ್ಖತನವಲ್ಲ, ರೂಢಿ. ನಾನು ಸುಮ್ಮನಾಗಲಿಲ್ಲ, ಇನ್ನಷ್ಟು ವಾದಿಸಿದೆ. ಅವರು ನಕ್ಕರು. ವರ್ಗ ಸಿಕ್ಕಿತು, ಹೋದರು. ಕಾಕಿ ತಾಯಿಯ ಜೊತೆ ಮುದನಾಳದಲ್ಲೇ ಉಳಿದಳು.

ಯಾದಗಿರಿಯ ಹಳಿ ಇವತ್ತಿಗೂ ಹಳೆಯ ವಿಭಾಗದಲ್ಲೇ ಇದೆ. ಹೊಸದು ಭಾಷಣಗಳಲ್ಲಿ ಬರುತ್ತದೆ, ಹೋಗುತ್ತದೆ. ನನ್ನ ವಾದ ಸರಿಯಾಗಿತ್ತು ಅಂತ ಯಾರಿಗೆ ಹೇಳಲಿ? ಕಾಕಿಗೆ ಹೇಳಲೇ?

ಮೇಸ್ತ್ರಿ ರಜೆ ಸಿಕ್ಕಾಗ ರೈಲಿಳಿದು ಮೊದಲು ನಮ್ಮ ಮನೆಗೆ ಬರುತ್ತಾರೆ, ಚಹಾ ಕುಡಿದು ಮುದನಾಳಕ್ಕೆ ಹೋಗುತ್ತಾರೆ. ಹೋದ ಸಲ ಹೇಳಿದೆ:

"ವಾಪಸ್ ಬರಾಕ ಅರ್ಜಿ ಹಾಕ್ರಿ ಕಾಕಾ."

"ಹಾಕೀನಮ್ಮಾ. ಮೇಸ್ತ್ರಿ ಜಾಗ ಖಾಲಿ ಆದ್ರ ಕರೀತಾರಂತ."

ಅವರು ಬಿಟ್ಟುಹೋದ ಮೇಸ್ತ್ರಿ ಜಾಗಕ್ಕೆ ಬಂದವನು ಅಪ್ಪ. ಸಾಲಿನಲ್ಲಿ ಅವನದೇ ಸರದಿಯಿತ್ತು, ತಪ್ಪೇನೂ ಇಲ್ಲ. ಅವನು ನಿವೃತ್ತನಾಗುವ ತನಕ ಆ ಜಾಗ ಖಾಲಿಯಾಗುವುದಿಲ್ಲ. ಅಷ್ಟರಲ್ಲಿ ಇವರೂ ನಿವೃತ್ತರಾಗಿರುತ್ತಾರೆ. ಅಲ್ಲಿ ಕುಳಿತಿದ್ದ ಮೂವರಿಗೂ ಅದು ಗೊತ್ತಿತ್ತು.

"ನಡೀರಿ," ಅಂತ ಅಪ್ಪ ಎದ್ದ. "ಕಾಕಿ ದಾರಿ ಕಾಯ್ತಿರ್ತಾಳ. ಮುದನಾಳಕ್ಕ ನಾನ ಬಿಟ್ಟು ಬರ್ತೀನಿ." ಅವರ ಚೀಲ ಎತ್ತಿಕೊಂಡು, ನನ್ನ ಮುಖ ನೋಡದೆ, ಗಾಡಿ ಹೊರಗೆ ತೆಗೆದ.