ಅತ್ತೆಯ ಸೊಂಟದ ಉಕ್ಕಿನ ಗುಂಡು

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಸಿಂದಗಿಯಲ್ಲಿ ಶಿಕ್ಷಕಿಯಾಗಿದ್ದೆ. ನಮ್ಮ ಅತ್ತೆ ಹಿತ್ತಿಲಿನ ಕಲ್ಲಿನ ಮೇಲೆ ಜಾರಿಬಿದ್ದು ಸೊಂಟದ ಕೀಲು ಮುರಿದುಕೊಂಡರು. ಸೊಲ್ಲಾಪುರದ ದವಾಖಾನೆಯಲ್ಲಿ ಮುರಿದ ಎಲುಬಿನ ತಲೆ ತೆಗೆದು, ಅಲ್ಲಿ ಉಕ್ಕಿನ ಗುಂಡು ಕೂರಿಸಿದರು. ನೆಲದ ಮೇಲೆ ಕೂರಬಾರದೆಂಬುದೊಂದನ್ನು ಬಿಟ್ಟರೆ ಕೆಲವು ತಿಂಗಳು ಚೆನ್ನಾಗಿಯೇ ಓಡಾಡಿದರು. ಆಮೇಲೆ ಹೊಲಿಗೆಯ ತುದಿಯಿಂದ ಕೀವು ಒಸರತೊಡಗಿತು. ಸಾಲೆಗೆ ಹೋಗುವ ಮೊದಲು ನಾನೇ ಗಾಯ ತೊಳೆದು ಪಟ್ಟಿ ಕಟ್ಟುತ್ತಿದ್ದೆ. ಎಷ್ಟು ಸೂಜಿ ಚುಚ್ಚಿಸಿದರೂ ಕೀವು ನಿಲ್ಲಲಿಲ್ಲ.

ಮತ್ತೆ ಸೊಲ್ಲಾಪುರಕ್ಕೆ ಕರೆದೊಯ್ದೆವು. ಕೀವಿನ ಪರೀಕ್ಷೆ ಮಾಡಿಸಿದ ಡಾಕ್ಟರು ಅತ್ತೆಯ ಪಕ್ಕದಲ್ಲೇ ಕೂತು ಹೇಳಿದರು:

“ಗುಂಡಿಗೆ ಬೂಷ್ಟು ಹಿಡದೈತ್ರಿ, ಆಯೀ. ಅದು ಒಳಗಿರೂತನಕ ಗಾಯ ಮಾಯೂದಿಲ್ಲ. ತಗೀಬೇಕು.”

“ತಗದು ಹೊಸಾದು ಹಾಕ್ರಿ,” ಎಂದರು ನನ್ನ ಗಂಡ.

“ಈಗ ಹಾಕಿದ್ರ ಅದಕ್ಕೂ ಹಿಡೀತೈತಿ. ಗುಂಡಿಲ್ಲದನೂ ನಡೀಬಹುದು. ಕಾಲು ಗಿಡ್ಡ ಆಗತೈತಿ, ಕೋಲು ಬೇಕಾಗತೈತಿ.”

ಅತ್ತೆ ಕೇಳಿದ್ದು ಒಂದೇ. “ನೆಲದ ಮ್ಯಾಲ ಕುಂಡ್ರಬಹುದೇನ್ರಿ?”

“ಕುಂಡ್ರಬಹುದ್ರಿ.”

“ಹಂಗಾದ್ರ ತಗೀರಿ.”

ಗುಂಡು ತೆಗೆದು, ಸುತ್ತಲಿನ ಕೆಟ್ಟ ಮಾಂಸವನ್ನೆಲ್ಲ ಕೆರೆದು ತೊಳೆದರು. ಕಾಲು ತೀರ ಗಿಡ್ಡಾಗದಂತೆ ಅದಕ್ಕೆ ತೂಕ ಕಟ್ಟಿ, ಆ ತೂಕವನ್ನು ಮಂಚದಾಚೆ ಇಳಿಬಿಟ್ಟರು. ಬೂಷ್ಟಿನ ಔಷಧವನ್ನು ಸಲೈನಿನಲ್ಲಿ ಏರಿಸುವಾಗ ಅತ್ತೆಗೆ ಹಲ್ಲು ಕಟಕಟ ಅನ್ನುವಷ್ಟು ಚಳಿ ಬರುತ್ತಿತ್ತು. ಎರಡು ಕಂಬಳಿ ಹೊದಿಸಿ ನಾನು ಮೇಲೆ ಕೈಯಿಟ್ಟು ಕೂರುತ್ತಿದ್ದೆ. ಒಂದು ದಿನ ಅತ್ತೆ ಹಟ ಹಿಡಿದು ಆ ಗುಂಡನ್ನು ತರಿಸಿ ನೋಡಿದರು.

“ಇಷ್ಟ ಚಂದ ಹೊಳೀತೈತಿ. ಇದರಾಗ ಬೂಷ್ಟು ಎಲ್ಲೈತಿ?”

ಕಣ್ಣಿಗೆ ಕಾಣುವುದಿಲ್ಲವೆಂದು ನರ್ಸ್ ಹೇಳಿದಾಗ ಅತ್ತೆ ನಂಬಿದಂತೆ ಕಾಣಲಿಲ್ಲ.

ಗಾಯ ನಿಧಾನವಾಗಿ ಒಣಗಿತು. ಗಿಡ್ಡಾದ ಕಾಲಿನ ಚಪ್ಪಲಿಗೆ ನಮ್ಮೂರ ಚಮ್ಮಾರರು ದಪ್ಪ ಅಟ್ಟೆ ಹೊಲಿದುಕೊಟ್ಟರು. ವರ್ಷದ ಮೇಲೆ ಡಾಕ್ಟರು, ಬೇಕಿದ್ದರೆ ಹೊಸ ಗುಂಡಿನ ವಿಚಾರ ಮಾಡಬಹುದೆಂದರು. ನನ್ನ ಗಂಡನಿಗೆ ಮಾಡಿಸುವ ಆಸೆಯಿತ್ತು. ತಾಯಿ ಕುಂಟುವುದನ್ನು ಅವರಿಗೆ ನೋಡಲಾಗುತ್ತಿರಲಿಲ್ಲ.

“ನಡ್ಯಾಕತ್ತೇನಿ, ಕುಂಡ್ರಾಕತ್ತೇನಿ. ಮತ್ಯಾಕ ಕೊಯ್ಸಿಕೊಳ್ಳಲಿ?” ಎಂದರು ಅತ್ತೆ.

ಗಂಡ ಮತ್ತೆ ಆ ಮಾತೆತ್ತಲಿಲ್ಲ. ಮುಂದಿನ ವಾರ ಅತ್ತೆ ಬಾಗೇವಾಡಿಯ ಮಗಳ ಮನೆಗೆ ಬಸ್ಸು ಹತ್ತಿದರು. ನಾನು ಜೊತೆಗೆ ಬರುತ್ತೇನೆಂದರೆ ಬೇಡವೆಂದು, ಕೋಲನ್ನು ಕಂಡಕ್ಟರನ ಕೈಗೆ ಕೊಟ್ಟು, ಎರಡೂ ಕೈಯಿಂದ ಕಂಬಿ ಹಿಡಿದು ಮೇಲೇರಿದರು.