ನಮ್ಮ ಜೀಪಿಗೆ ಕಂಪನಿ ಸ್ವಿಚ್ಚು ಬಂದದ್ದು

ವಾಹನಗಳಲ್ಲಿ ಇರುವ ವಸ್ತುಗಳಿಗಿಂತ ಇಲ್ಲದಿರುವ ವಸ್ತುಗಳೇ ನನ್ನ ಕಣ್ಣಿಗೆ ಬೇಗ ಬೀಳುತ್ತವೆ. ನೀವೂ ಎಂದಾದರೂ ಗಮನಿಸಿರಬಹುದು: ಜೀಪಿನ ಡ್ಯಾಶ್‌ಬೋರ್ಡಿನಲ್ಲಿ, ಸ್ಟೀರಿಂಗಿನ ಎಡಮಗ್ಗುಲಿಗೆ, ಸ್ವಿಚ್ಚು ಕೂರಬೇಕಾದ ಚೌಕ ಕಿಂಡಿಗಳಿಗೆ ಕರಿ ಪ್ಲಾಸ್ಟಿಕ್ಕಿನ ಮುಚ್ಚಳ ಬಡಿದಿರುತ್ತಾರೆ. ಅದೇ ಜೀಪಿನ ದುಬಾರಿ ಅವತಾರದಲ್ಲಿ ಆ ಸ್ಥಾನಗಳಲ್ಲಿ ಮಂಜುದೀಪದ್ದೋ ಫ್ಯಾನಿನದೋ ಸ್ವಿಚ್ಚು ವಿರಾಜಮಾನವಾಗಿರುತ್ತದೆ. ನಮ್ಮಂಥ ಸಾಧಾರಣರ ಪಾಲಿಗೆ ಮುಚ್ಚಳವೇ ಪ್ರಸಾದ. ಕಂಪನಿಯವರು ಕಿಂಡಿಯನ್ನೇ ಕೊರೆಯದೆ ಬಿಟ್ಟಿದ್ದರೆ ನನಗೇನೂ ದುಃಖವಿರಲಿಲ್ಲ. ಕೊರೆದು, ಮುಚ್ಚಿ, ‘ಇಲ್ಲೊಂದು ಸುಖವಿತ್ತು, ನಿಮಗಲ್ಲ’ ಎಂದು ದಿನಾ ಮುಖಕ್ಕೆ ಹೇಳುವುದಿದೆಯಲ್ಲ, ಅದನ್ನು ಸಹಿಸಿಕೊಳ್ಳಲು ಬೇಕಾದ ವೈರಾಗ್ಯ ನನ್ನಲ್ಲಿ ಎಂದೂ ಇರಲಿಲ್ಲ.

ಇದು ತೊಂಬತ್ತರ ದಶಕದ ಕೊನೆಯ ಮಾತು. ನಾನಾಗ ಮಾಯಸಂದ್ರದ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ನಮ್ಮೂರಿಗೂ ಡಾಂಬರು ರಸ್ತೆಗೂ ನಡುವೆ ಒಂದು ಹಳ್ಳ, ಅದರಾಚೆ ಮರಳು, ಅದರಾಚೆ ಕೆಸರು; ಬಸ್ಸಿನವರು ಆ ದಾರಿಯನ್ನು ದೂರದಿಂದಲೇ ಕೈಮುಗಿದು ಬಿಟ್ಟಿದ್ದರು. ತೆಂಗಿನಕಾಯಿ ಸಾಗಿಸಲೆಂದು ನಮ್ಮ ಯಜಮಾನರು ನಾಲ್ಕೂ ಚಕ್ರ ಎಳೆಯುವ ಒಂದು ಹಳೇ ಜೀಪು ಕೊಂಡರು. ಆದರೆ ಎತ್ತಿನ ಹಗ್ಗ ಹಿಡಿದಷ್ಟು ಸಲೀಸಾಗಿ ಸ್ಟೀರಿಂಗು ಅವರ ಕೈಗೆ ಒಗ್ಗಲಿಲ್ಲವಾಗಿ, ಸಾರಥ್ಯ ನನ್ನ ಪಾಲಿಗೆ ಬಂತು. ಸಾರಥಿಯಾದವಳ ಕಣ್ಣು ರಸ್ತೆಯ ಮೇಲಿರಬೇಕು. ನನ್ನದು ಆ ಮುಚ್ಚಳಗಳ ಮೇಲೆ.

“ಕಂಪ್ನಿಯೋರೇ ಬ್ಯಾಡ ಅಂತ ಮುಚ್ಚವ್ರೆ. ನೀನ್ಯಾಕೆ ತೆಗೀತೀಯ, ಬುಡು,” ಎಂದರು ಯಜಮಾನರು.

ದೀಪ ಬೇಕೆಂದರೆ ಅಂಗಡಿಯಲ್ಲಿ ಸಿಗುವ ಯಾವುದೋ ಕಡ್ಡಿ ಸ್ವಿಚ್ಚನ್ನು ಡ್ಯಾಶ್‌ಬೋರ್ಡಿನ ಕೆಳಗೆ ತಗುಲಿಹಾಕಿಸಬಹುದಿತ್ತು. ಸಂಜೆ ತೋಟದಲ್ಲಿ ಕಾಯಿ ತುಂಬುವಾಗ ಹಿಂದೊಂದು ದೀಪ, ಚಳಿಗಾಲದ ಮುಂಜಾನೆಗೆ ಮುಂದೊಂದು ಮಂಜುದೀಪ, ನನ್ನ ಬೆವರಿಗೆ ಪುಟ್ಟ ಫ್ಯಾನು, ಹಳ್ಳದಲ್ಲಿ ಮಲಗುವ ಎಮ್ಮೆಗಳಿಗೆ ಗಟ್ಟಿ ದನಿಯ ಹಾರನ್ನು, ಇಷ್ಟಕ್ಕೆ ಅದು ಸಾಕಾಗಿತ್ತು. ಆದರೆ ನನಗೆ ಬೇಕಿದ್ದುದು ಆ ಕಿಂಡಿಗೆಂದೇ ಹುಟ್ಟಿದ, ಮೈಮೇಲೆ ಪುಟ್ಟ ಚಿತ್ರ ಬರೆಸಿಕೊಂಡ, ಒತ್ತಿದರೆ ‘ಟಕ್’ ಎಂದು ಗಂಭೀರವಾಗಿ ಒಪ್ಪಿಕೊಳ್ಳುವ ಕಂಪನಿ ಸ್ವಿಚ್ಚು. ‘ಸ್ವ’ಕ್ಕೆ ‘ಇಚ್ಛೆ’ ಸೇರಿದರೆ ಸ್ವೇಚ್ಛೆಯಾಗುತ್ತದೆಂದು ನಮ್ಮ ಶಾಲೆಯ ಕನ್ನಡದ ಮೇಷ್ಟ್ರು ಪಾಠ ಮಾಡುತ್ತಿದ್ದರು; ಪಕ್ಕದ ಕೋಣೆಯಲ್ಲಿ ಕೂತ ನನ್ನ ಕಿವಿಗೆ ಮಾತ್ರ ಅದು ಸ್ವಿಚ್ಚು ಎಂದೇ ಕೇಳುತ್ತಿತ್ತು.

ಕೊಬ್ಬರಿ ಹಾಕಲು ತಿಪಟೂರಿಗೆ ಹೋದ ಒಂದು ದಿನ ಅನ್ವರ್ ಸಾಹೇಬರ ಗುಜರಿಯಲ್ಲಿ ನನ್ನ ಭಾಗ್ಯ ತೆರೆಯಿತು. ಎಲ್ಲೋ ಮರಕ್ಕೆ ಗುದ್ದಿ ಮೂತಿ ಒಳಗೆ ಹೋಗಿದ್ದ ಜೀಪೊಂದು ಅಲ್ಲಿ ಮಲಗಿತ್ತು. ನಮ್ಮದರ ಶ್ರೀಮಂತ ಸೋದರ. ನಾಲ್ಕು ಕಿಂಡಿಯಲ್ಲಿ ನಾಲ್ಕು ಸ್ವಿಚ್ಚು, ಒಂದಕ್ಕೂ ಗೀರಿಲ್ಲ. ನಾನು ಬಗ್ಗಿ ಅವನ್ನೇ ಸವರುತ್ತಿದ್ದುದನ್ನು ಕಂಡು ಸಾಹೇಬರು ಚಹಾದ ಲೋಟ ಕೆಳಗಿಟ್ಟು ಬಂದರು.

“ಮೇಡಂ, ಇದ್ರಲ್ಲಿ ಎಂಜಿನ್ ಐತೆ, ಗೇರ್‌ಬಾಕ್ಸ್ ಐತೆ. ಜನ ಅದನ್ನ ಕೇಳ್ತಾರೆ. ನೀವು ಹಣೆ ಮೇಲಿನ ಬೊಟ್ಟು ಕೇಳ್ತೀರಲ್ಲ!”

“ಬೊಟ್ಟೇ ಸಾಕು ಸಾಹೇಬ್ರೆ.”

“ಸರಿ, ಕೂರ್ಸೋದು ಯಾರು?”

“ನಾನೇ.”

ಅವರು ಒಂದು ಕ್ಷಣ ನನ್ನ ಜರತಾರಿ ಅಂಚಿನ ಸೀರೆಯನ್ನು, ಹೆಗಲ ಚೀಲವನ್ನು, ಕನ್ನಡಕವನ್ನು ಕ್ರಮವಾಗಿ ನೋಡಿದರು. ನಗಲಿಲ್ಲ, ದೊಡ್ಡ ಮನುಷ್ಯರು. “ಹಂಗಾದ್ರೆ ವೈರು ಕತ್ತರ್ಸಲ್ಲ, ಬೇರುಸಮೇತ ಕಿತ್ತು ಕೊಡ್ತೀನಿ. ಇನ್ಷಾ ಅಲ್ಲಾ, ಹೊಗೆ ಬರಲ್ಲ,” ಎಂದರು.

ವಿದ್ಯುತ್ ಮಂಡಲವನ್ನು ನಾನು ವರ್ಷಗಟ್ಟಲೆ ಕಪ್ಪುಹಲಗೆಯ ಮೇಲೆ ಬರೆದವಳು. ನಾನು ಬರೆದ ಬಲ್ಬು ಉರಿಯದೆ ಹೋದ ಒಂದು ಉದಾಹರಣೆಯೂ ಇಲ್ಲ. ಸೀಮೆಸುಣ್ಣದ ದೊಡ್ಡ ಗುಣ ಅದು. ಜೀಪಿನೊಳಗಿನ ವೈರುಗಳಿಗೆ ಅಂಥ ಸೌಜನ್ಯವಿರಲಿಲ್ಲ. ಭಾನುವಾರ ಬೆಳಗಾದರೆ ಜೀಪನ್ನು ತೆಂಗಿನ ನೆರಳಿಗೆ ತಂದು, ಸೀಟಿನ ಮೇಲೆ ಬೆನ್ನು, ಡ್ಯಾಶ್‌ಬೋರ್ಡಿನ ಅಡಿಯಲ್ಲಿ ತಲೆ, ಬಾಗಿಲಿನಾಚೆ ಕಾಲು ಎಂಬ ಆಸನದಲ್ಲಿ ನಾನು ಸ್ಥಿತಳಾಗುತ್ತಿದ್ದೆ. ದಾರಿಹೋಕರು ನನ್ನ ಪಾದಗಳೊಂದಿಗೇ ಉಭಯಕುಶಲೋಪರಿ ನಡೆಸಿ ಮುಂದೆ ಹೋಗುವುದು ರೂಢಿಯಾಯಿತು. “ಮೇಡಮ್ಮೋರೆ, ನಮ್ ಹುಡ್ಗ ಈ ಸಾರಿ ಪಾಸಾಯ್ತಾನಾ?” ಎಂದು ಒಬ್ಬರು ಕೇಳಿದ್ದಕ್ಕೆ ನಾನು ಹೆಬ್ಬೆರಳಾಡಿಸಿ ಉತ್ತರಿಸಿದ್ದೂ ಉಂಟು.

ಈ ತಪಸ್ಸಿನಲ್ಲಿ ನನಗೆ ಜೊತೆಯಾದವಳು ನಾದಿನಿ ಶೈಲಜಾ. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದಳು, ಕೈ ಸುಮ್ಮನಿರದು, ಬಾಯಿಯಂತೂ ಮೊದಲೇ ಸುಮ್ಮನಿರದು. ವೈರಿನ ಬಣ್ಣಗಳನ್ನು ಅವಳು ಹೇಳುವುದು, ನಾನು ಹೆಣೆಯುವುದು. ರಿಲೇ ಎಂಬ ಬೆಂಕಿಪೊಟ್ಟಣದಂಥ ಪೆಟ್ಟಿಗೆಯ ಮರ್ಮವನ್ನು ನಾವು ನಮ್ಮ ಮನೆಯ ಮಾದರಿಯಿಂದಲೇ ಅರ್ಥಮಾಡಿಕೊಂಡೆವು. ಸ್ವಿಚ್ಚಿನದು ಬರೀ ಸನ್ನೆ, ಬ್ಯಾಟರಿಯಿಂದ ಭಾರ ಹೊತ್ತು ತರುವುದು ರಿಲೇ. ನಮ್ಮತ್ತೆ ಹುಬ್ಬು ಹಾರಿಸುತ್ತಾರೆ, ಓಡಾಡುವವಳು ನಾನು. ಈ ಹೋಲಿಕೆ ಹೇಗೋ ಅತ್ತೆಯ ಕಿವಿಗೆ ಬಿದ್ದು, ಜಗಲಿಯಿಂದ ಒಂದು ಮಾತು ಬಂತು: “ವಿಜ್ಞಾನದ ಮೇಡಮ್ಮು ಅಂತ ತಂದ್ಕಂಡ್ವಿ. ಲೈನ್‌ಮನ್ನು ಸಿಕ್ತು.”

ಕೆಲಸ ಮುಗಿದ ದಿನ ನೆತ್ತಿಯ ಮೇಲೆ ಬಿಸಿಲು. ಮಂಜುದೀಪ ಹತ್ತಿದೆಯೋ ಇಲ್ಲವೋ ಕಾಣದೆ ನಾನೂ ಶೈಲಳೂ ಗಾಜಿನ ಮೇಲೆ ಸೆರಗು ಕವಿಸಿ ಒಳಗೆ ಇಣುಕಿದೆವು. ಹಳದಿ ಬೆಳಕು! ಇಬ್ಬರೂ ಕಿರುಚಿದ ರಭಸಕ್ಕೆ ಕಣದಲ್ಲಿದ್ದ ಯಜಮಾನರು ಹಾವೆಂದು ದೊಣ್ಣೆ ಹಿಡಿದು ಓಡಿಬಂದರು. ಹಾವಲ್ಲವೆಂದು ತಿಳಿದ ಮೇಲೆ ಒಂದೊಂದೇ ಸ್ವಿಚ್ಚು ಒತ್ತಿ ನೋಡಿದರು. “ಉರೀತಾವೆ ಕಣೇ!” ಎಂದರು, ಫ್ಯಾನಿಗೆ ಮುಖವೊಡ್ಡಿದರು, ಕೊನೆಗೆ ಹಾರನ್ನು ಒತ್ತಿದರು. ತೋಟದ ಕಾಗೆಗಳೆಲ್ಲ ಒಟ್ಟಿಗೆ ಎದ್ದವು. ಬೇಡವೆಂದಿದ್ದ ಮನುಷ್ಯ ಅಂದು ಊಟಕ್ಕೆ ಕರೆದರೂ ಜೀಪಿನಿಂದ ಇಳಿಯಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಇದು ನನ್ನ ಆತ್ಮಪ್ರಶಂಸೆಯ ಪ್ರಬಂಧವಾಗಿ ಶುಭವಾಗಿ ಮುಗಿಯುತ್ತಿತ್ತು. ಆದರೆ ಶೈಲಳನ್ನು ನೋಡಲು ಹಂದನಕೆರೆಯಿಂದ ಗಂಡಿನ ಕಡೆಯವರು ಬರುವುದಾಯಿತು.

ನಮ್ಮ ಶೈಲ ಆವರೆಗೆ ಬಂದ ಗಂಡುಗಳನ್ನೆಲ್ಲ ವಾಪಸು ಕಳಿಸಿದ್ದಳು. ಕಾರಣ ಕೇಳಿದರೆ, “ಎಲ್ರೂ ಉಪ್ಪಿಟ್ಟಿನ ತಟ್ಟೆನೇ ನೋಡ್ತಾರೆ ಅತ್ಗೆ. ಅಡುಗೆ ಬರ್ತದಾ ಅಂತಾರೆ, ಹಾಡು ಬರ್ತದಾ ಅಂತಾರೆ. ನಂಗೇನ್ ಬೇಕು ಅಂತ ಒಬ್ರೂ ಕೇಳಲ್ಲ,” ಎನ್ನುತ್ತಿದ್ದಳು. ಈ ಸಲ ಅಮ್ಮನೆದುರು ಖಂಡಿತವಾಗಿ ಹೇಳಿಬಿಟ್ಟಿದ್ದಳು: ಸೀರೆ ಉಟ್ಟು ತಟ್ಟೆ ಹಿಡಿಯುವುದು ಇದೇ ಕೊನೆ, ಇದೂ ಆಗದಿದ್ದರೆ ಮದುವೆಯ ಮಾತೇ ಬೇಡ. ಅವಳು ಆಡಿದಂತೆ ನಡೆಯುವವಳೆಂದು ಬಲ್ಲ ಅತ್ತೆ, ಬೆಳಗಿನಿಂದ ದೇವರಮನೆಗೂ ಅಡುಗೆಮನೆಗೂ ನಡುವೆ ನೂಲು ಸುತ್ತುವಂತೆ ಓಡಾಡುತ್ತಿದ್ದರು. ಸಾಲದ್ದಕ್ಕೆ ಹಿಂದಿನ ದಿನ ಮಳೆ ಹೊಡೆದು ಹಳ್ಳ ತುಂಬಿತ್ತು. ಮಾಯಸಂದ್ರದಲ್ಲಿ ಬಸ್ಸಿಳಿಯುವ ಅತಿಥಿಗಳನ್ನು ತರಲು ನಾನು ಹೊರಟೆ.

ಬಂದವರು ಮೂವರು. ಗಂಡು ರಾಜಶೇಖರ, ಡಿಗ್ರಿ ಮುಗಿಸಿ ತೋಟ ನೋಡಿಕೊಳ್ಳುತ್ತಿದ್ದವನು, ಮಾತು ಕಡಿಮೆ. ಅವನ ತಾಯಿ, ನಗುಮುಖದವರು. ಮತ್ತೆ ಅವನ ಸೋದರಮಾವ: ಗರಿಗರಿ ಬಿಳಿ ಪಂಚೆ, ಬಿಗಿದ ತುಟಿ, ಕೆಸರಿಗೆ ಹೆದರಿ ತೊಟ್ಟ ಹೊಸ ಹವಾಯಿ ಚಪ್ಪಲಿ. ಸಂಬಂಧ ಕೂಡಿಸುವುದೂ ಕೆಡಿಸುವುದೂ ಆ ಮಾವನ ಕೈಲಿದೆಯೆಂದು ಮಧ್ಯಸ್ಥಿಕೆಯವರು ಮೊದಲೇ ಎಚ್ಚರಿಸಿದ್ದರಿಂದ ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಫ್ಯಾನನ್ನು ಅವರ ಕಡೆಗೇ ತಿರುಗಿಸಿದೆ. ಮಾವನ ತುಟಿ ಒಂದು ನೂಲಿನಷ್ಟು ಸಡಿಲಿತು.

ಹಳ್ಳದ ನಡುವೆ, ಎಂದಿನಂತೆ, ಎಮ್ಮೆಗಳು. ನಾನು ಹೆಮ್ಮೆಯಿಂದ ನಾಲ್ಕನೆಯ ಸ್ವಿಚ್ಚು ಒತ್ತಿದೆ. ಹಾರನ್ನು ಮೊಳಗಿತು, ಎಮ್ಮೆಗಳು ಎದ್ದವು, ನಾನು ಬೆರಳು ತೆಗೆದೆ. ಹಾರನ್ನು ನಿಲ್ಲಲಿಲ್ಲ. ಮತ್ತೆ ಒತ್ತಿದೆ, ಬಿಟ್ಟೆ, ಗುದ್ದಿದೆ. ಮೊಣಕಾಲುದ್ದದ ನೀರಿನಲ್ಲಿ ಜೀಪು ನಿಲ್ಲಿಸಿ ಶೋಧನೆ ನಡೆಸುವಂತಿರಲಿಲ್ಲ. ದಡ ಹತ್ತಿದ ಮೇಲೆ ನಿಲ್ಲಿಸಬಹುದಿತ್ತು, ಆದರೆ ಆ ಹೊತ್ತಿಗೆ ನನ್ನ ವಿಜ್ಞಾನವೆಲ್ಲ ಹಳ್ಳದಲ್ಲಿ ತೇಲಿಹೋಗಿ, ಮನೆ ಸೇರಿದರೆ ಸಾಕೆಂಬ ಒಂದೇ ವಿಚಾರ ಉಳಿದಿತ್ತು. ಹಾರನ್ನು ಊದುತ್ತಲೇ ಊರು ಹೊಕ್ಕೆವು. ಜನ ಬಾಗಿಲಿಗೆ ಬಂದರು, ನಾಯಿಗಳು ಬೆನ್ನುಹತ್ತಿದವು. ಮಾವ ನನ್ನ ಕಿವಿಯ ಬಳಿ ಬಾಗಿ ಕೂಗಿದರು:

“ಸಾಕು ಮೇಡಮ್ಮೋರೆ! ಇಷ್ಟೊಂದು ಮರ್ಯಾದೆ ಬ್ಯಾಡ ನಮ್ಗೆ!”

ಅಂಗಳದಲ್ಲಿ ಚಾವಿ ತಿರುವಿದೆ. ಎಂಜಿನ್ ನಿಂತಿತು, ಹಾರನ್ನು ನಿಲ್ಲಲಿಲ್ಲ. ಅಟ್ಟದ ಮೇಲಿನ ಪಾರಿವಾಳಗಳು ಮನೆ ಬಿಟ್ಟವು. ಕಾಲು ತೊಳೆಯಲು ಚೊಂಬು ಹಿಡಿದು ನಿಂತ ಅತ್ತೆ ಏನೋ ಹೇಳುತ್ತಿದ್ದುದು ತುಟಿಯಿಂದ ಮಾತ್ರ ತಿಳಿಯುತ್ತಿತ್ತು. ಕರೆದಾಗ ತಲೆತಗ್ಗಿಸಿ, ತಟ್ಟೆ ಹಿಡಿದು ಬರಬೇಕಾದ ಹೆಣ್ಣು ಆಗ ಅಡುಗೆಮನೆಯಿಂದ ಸ್ಪ್ಯಾನರು ಹಿಡಿದು ಓಡಿಬಂದಳು.

“ಅತ್ಗೆ, ಕೀ ಆಫ್ ಮಾಡಿ!”

“ಮಾಡಿದೀನಿ ಕಣೇ!”

ಅವಳು ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾನೆಟ್ ಎತ್ತಿ, ಬ್ಯಾಟರಿಯ ತಂತಿ ಬಿಚ್ಚಿದಳು. ನಿಶ್ಶಬ್ದವಾಯಿತು. ಅಂಥ ನಿಶ್ಶಬ್ದವನ್ನು ನಾನು ಅದಕ್ಕೆ ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ. ಅಂಗಳದ ತುಂಬ ಊರ ಜನ. ನಡುವೆ, ಮುಡಿದ ಮಲ್ಲಿಗೆ ಜಾರಿದ, ಕೆನ್ನೆಗೆ ಮಸಿ ಬಳಿದುಕೊಂಡ ಹೆಣ್ಣು. ಅತ್ತೆ ಕಣ್ಣುಮುಚ್ಚಿಕೊಂಡರು. ಶೈಲಳಿಗೂ ಆಗಲೇ ಅರಿವಾಗಿರಬೇಕು, ಸ್ಪ್ಯಾನರನ್ನು ಬೆನ್ನ ಹಿಂದೆ ಬಚ್ಚಿಟ್ಟಳು.

ಜೀಪಿನ ಹಿಂಬದಿಯಿಂದ ರಾಜಶೇಖರ ಕೆಳಗೆ ಹಾರಿದ. ದಾರಿಯುದ್ದಕ್ಕೂ ಮಾತಾಡದವನು ನೇರ ಅವಳ ಮುಂದೆ ಬಂದು ಕೇಳಿದ: “ಟೆಸ್ಟರ್ ಐತಾ?”

ಶೈಲ ಒಂದು ಗಳಿಗೆ ಅವನನ್ನೇ ನೋಡಿದಳು. “ಐತೆ. ನೀವು ಟಾರ್ಚ್ ಹಿಡ್ಕೋತೀರಾ?”

ಹಿಡಿದುಕೊಂಡ. ಹಿರಿಯರು ಒಳಗೆ ಚಾಪೆಯ ಮೇಲೆ ಕೂತರು. ಉಪ್ಪಿಟ್ಟು ಕೇಸರಿಬಾತು ಬಂದವು. ಯಜಮಾನರು ಮಳೆ ಬೆಳೆ ಮಾತಾಡಿದರು. ಹೆಣ್ಣು ತೋರಿಸುವ ಶಾಸ್ತ್ರ ಉಳಿಯಿತೆಂದು ಅತ್ತೆ ಚಡಪಡಿಸುತ್ತಿದ್ದರೆ, ಗಂಡಿನ ತಾಯಿ ಕಿಟಕಿಯತ್ತ ಬೆರಳು ಮಾಡಿ ಹೇಳಿದರು: “ತೋರ್ಸಿದ್ದಾಯ್ತಲ್ಲಮ್ಮ, ಅಲ್ಲೇ ಕಾಣ್ತಾವ್ಳೆ. ಕಾಲು ಮಾತ್ರ.”

ನಾನು ಹೊರಗೇ ಇದ್ದೆ. ತಪ್ಪು ಸಿಕ್ಕಿತು: ಎಂಜಿನ್ನಿಗೂ ಒಳಗಿಗೂ ನಡುವಿನ ತಗಡಿನ ತೂತಿನಲ್ಲಿ ನಾನು ಹಾರನ್ನಿನ ವೈರನ್ನು ಹಾಗೇ ತೂರಿಸಿದ್ದೆ, ಜೀಪು ಕುಲುಕಿ ಕುಲುಕಿ ತಗಡಿನ ಅಂಚು ವೈರಿನ ಅಂಗಿ ಹರಿದಿತ್ತು, ಬರಿಮೈ ತಗಡಿಗೆ ತಾಗಿ, ಸ್ವಿಚ್ಚು ಒತ್ತಿಯೇ ಇದ್ದಂತೆ ಹಾರನ್ನು ಕೂಗಿತ್ತು. “ಅತ್ಗೆ, ಇಲ್ಲಿ ರಬ್ಬರೇ ಇಲ್ವಲ್ಲ!” ಎಂದು ಒಳಗಿಂದ ದನಿ ಬಂದಾಗ ನನಗೆ ತೆಂಗಿನ ಗರಿಗಳ ಸೌಂದರ್ಯದಲ್ಲಿ ಅಕಸ್ಮಾತ್ತಾಗಿ ಆಸಕ್ತಿ ಹುಟ್ಟಿತು. ರಬ್ಬರಿಗಾಗಿ ರಾಜಶೇಖರ ಸುತ್ತ ನೋಡಿದ, ಜಗಲಿಯ ಕೆಳಗಿದ್ದ ಒಂದು ಚಪ್ಪಲಿ ತಂದ. ಅದು ನಮ್ಮ ಮನೆಯದೆಂದು ಅವನು ತಿಳಿದ, ಅವರ ಕಡೆಯದೆಂದು ಇವಳು ತಿಳಿದಳು, ಬ್ಲೇಡಿನಿಂದ ಹಿಮ್ಮಡಿಯ ಕಡೆ ಚಂದ್ರಾಕಾರವಾಗಿ ಒಂದು ತುಂಡು ಹೋಯಿತು.

ಅದಕ್ಕೆ ತೂತು ಕೊರೆದು, ವೈರಿಗೆ ತೊಡಿಸಿ, ಬ್ಯಾಟರಿ ಕಟ್ಟಿದರು. ಶೈಲ ಸ್ವಿಚ್ಚು ಒತ್ತಿದಳು: ‘ಪೀಂ’. ಬಿಟ್ಟಳು: ಸದ್ದಿಲ್ಲ. ಇಬ್ಬರೂ ಒಟ್ಟಿಗೆ ನಕ್ಕರು. ಆಮೇಲೆ ಕಾರಣವಿಲ್ಲದೆ ಮುಂದಿನ ದೀಪ, ಹಿಂದಿನ ದೀಪ, ಫ್ಯಾನು ಎಲ್ಲವನ್ನೂ ಹಾಕಿದರು, ಆರಿಸಿದರು, ಮತ್ತೆ ಹಾಕಿದರು. ಯಾರಿಗೆ ಯಾವುದು ಒಪ್ಪುತ್ತದೆಂದು ಬೇರೆ ಯಾರೋ ಮೊದಲೇ ತೀರ್ಮಾನಿಸಿ ಮುಚ್ಚಳ ಹಾಕಿಟ್ಟಿರುವ ಜಾಗಗಳು ವಾಹನಗಳಲ್ಲಷ್ಟೇ ಇರುವುದಿಲ್ಲವೆಂದು ಅವರನ್ನು ನೋಡುತ್ತ ನನಗನ್ನಿಸಿತು. ಗಂಡು ಹೆಣ್ಣು ಹೀಗೆ ಅಕ್ಕಪಕ್ಕ ಕೂತು ನಗಬೇಕಾದರೆ ನಮ್ಮ ಕಡೆ ಲಗ್ನಪತ್ರಿಕೆಯಾಗಿ ಒಂದು ಹಬ್ಬವಾದರೂ ಕಳೆಯಬೇಕಿತ್ತು.

ಹೊರಡುವ ಹೊತ್ತಾಯಿತು. ಸೋದರಮಾವ ಜಗಲಿಯಿಳಿದು ಚಪ್ಪಲಿ ಮೆಟ್ಟಿ, ಒಂದು ಕಾಲು ತಗ್ಗಿದಂತಾಗಿ, ಎತ್ತಿ ನೋಡಿದರು. “ಇದೇನ್ಲಾ, ನಾಯಿ ಕಚ್ತಾ?” ರಾಜಶೇಖರ ಶೈಲಳ ಕಡೆ ನೋಡಿದ, ಶೈಲ ನನ್ನ ಕಡೆ ನೋಡಿದಳು, ನಾನು ಮತ್ತೆ ಗರಿಗಳನ್ನು ನೋಡಿದೆ. ಊರಿಗೆ ಹೋಗಿ ವಿಷಯ ತಿಳಿಸುತ್ತೇವೆಂಬ ಪದ್ಧತಿಯ ಮಾತನ್ನು ಮಾವ ಗಂಟಲು ಸರಿಮಾಡಿಕೊಂಡು ಇನ್ನೇನು ಆಡಬೇಕು, ಅಷ್ಟರಲ್ಲಿ ರಾಜಶೇಖರ ಎಲ್ಲರ ಎದುರಿಗೇ ಶೈಲಳಿಗೆ ಹೇಳಿದ:

“ನಮ್ಮನೇಲೊಂದು ಟ್ರ್ಯಾಕ್ಟ್ರು ಐತೆ. ಒಂದ್ ಲೈಟೂ ಉರಿಯಲ್ಲ.”

ಶೈಲ ನೆಲ ನೋಡಿದಳು. ನಾಚಿಕೆಯೆಂದು ಉಳಿದವರು ತಿಳಿದರು. ಲೆಕ್ಕಹಾಕುತ್ತಿದ್ದಾಳೆಂದು ನನಗೆ ಗೊತ್ತಿತ್ತು.

“ವೈರು ಹಳೇದಾ?”

“ಇಲಿ ಕಡ್ದವೆ.”

“ಹಂಗಾದ್ರೆ ಪೂರಾ ಹೊಸ್ದು ಎಳೀಬೇಕು. ಒಂದಿನದ ಕೆಲ್ಸ ಅಲ್ಲ ಅದು.”

“ಅದಕ್ಕೇ ಕೇಳ್ತಿರೋದು,” ಎಂದ ಅವನು.

ಶೈಲ ತಲೆಯೆತ್ತಿದಳು. “ಸರಿ, ಬತ್ತೀನಿ,” ಎಂದಳು.

ಗಂಡಿನ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗತೊಡಗಿದರು. ಮಾವ ತುಂಡು ಚಪ್ಪಲಿಯನ್ನು ಕೈಯಲ್ಲಿ ಹಿಡಿದೇ ನಕ್ಕರು. ಯಜಮಾನರು ಕಂಬ ಹಿಡಿದು ನಕ್ಕರು, ನನಗಂತೂ ಕಣ್ಣಲ್ಲಿ ನೀರು. ನಗದೆ ಉಳಿದವರು ನಮ್ಮತ್ತೆ ಒಬ್ಬರೇ. ಅವರು ಒಬ್ಬೊಬ್ಬರ ಮುಖವನ್ನೂ ನೋಡಿ, ನೋಡಿ, ಕೊನೆಗೆ ಚೊಂಬನ್ನು ಜಗಲಿಯ ಮೇಲೆ ಕುಕ್ಕಿ ಗದರಿದರು:

“ಟ್ರ್ಯಾಕ್ಟ್ರು ಮನೆ ಹಾಳಾಗ್ಲಿ! ಹುಡ್ಗಿ ಒಪ್ಪಿದ್ಲೋ ಇಲ್ವೋ, ಯಾರಾದ್ರೂ ಹೇಳ್ರಪ್ಪ!”