ಪ್ಯಾನೆಲ್ಲಿಗೆ ಜಮಖಾನ ಹೊದಿಸಿದ ಮಧ್ಯಾಹ್ನ

ನನ್ನ ಯಜಮಾನರು ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವರು. ಅವರದೊಂದು ಪದ್ಧತಿ. ಮನೆಯಲ್ಲಿ ಒಂದು ಸ್ವಿಚ್ಚು ಬದಲಾಯಿಸುವುದಿದ್ದರೂ ಮೊದಲು ಮೇನ್ ಆರಿಸಿ, ಮೀಟರ್ ಬೋರ್ಡಿನ ಪಿಂಗಾಣಿ ಫ್ಯೂಸು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಾರೆ. ಕೆಲಸದ ನಡುವೆ ಇನ್ಯಾರೋ ಬಂದು ತಿಳಿಯದೆ ಮೇನ್ ಹಾಕಿಬಿಡಬಾರದಲ್ಲ. ಫ್ಯೂಸು ಜೇಬಲ್ಲಿದ್ದರೆ ಧೈರ್ಯವಾಗಿ ಕೈ ಹಾಕು ಎಂದು ಹೊಸಬರಿಗೆಲ್ಲ ಹೇಳಿಕೊಡುತ್ತಿದ್ದರಂತೆ. ಅರ್ಧ ಅರೆದ ಚಟ್ನಿಯನ್ನು ಮಿಕ್ಸಿಯಲ್ಲೇ ಬಿಟ್ಟು, ಆ ಫ್ಯೂಸು ಜೇಬಿನಿಂದ ಹೊರಗೆ ಬರಲೆಂದು ನಾನು ಎಷ್ಟೋ ಬೆಳಿಗ್ಗೆ ಕಾದಿದ್ದೇನೆ. ಕಳೆದ ಆಷಾಢದಲ್ಲಿ ಆ ಪದ್ಧತಿಯೇ ಅವರ ಜೀವ ತೆಗೆಯುವುದರಲ್ಲಿತ್ತು.

ಸಂಜಯನಗರದ ನಮ್ಮ ತಾರಸಿಯ ಮೇಲೆ ಅದರ ಹಿಂದಿನ ವರ್ಷ ಎಂಟು ಸೋಲಾರ್ ಪ್ಯಾನೆಲ್ ಹಾಕಿಸಿದ್ದೆವು. ನೀರು ಕಾಯಿಸುವ ಸೋಲಾರ್ ಮೊದಲೇ ಇತ್ತು. ಇದೂ ಹಾಗೇ ಬಿಸಿಲಿನ ಕಾವನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದೇ ನಾನು ತಿಳಿದಿದ್ದೆ. ಹಾಕಲು ಬಂದಿದ್ದ ನಾಗಸಂದ್ರದ ಟೆಕ್ನಿಷಿಯನ್ ನನ್ನನ್ನು ತಿದ್ದಿದರು. ಇದಕ್ಕೆ ಬೇಕಾದದ್ದು ಕಾವಲ್ಲ, ಬೆಳಕು. ಗಾಜಿನಡಿಯ ಆ ಕಡುನೀಲಿ ಬಿಲ್ಲೆಗಳ ಮೇಲೆ ಬೆಳಕು ಬಿದ್ದ ಕೂಡಲೇ ಒಳಗಿನ ಎಲೆಕ್ಟ್ರಾನುಗಳು ಕದಲಿ ಒಂದೇ ದಿಕ್ಕಿಗೆ ಹೊರಡುತ್ತವೆ, ಅದೇ ಕರೆಂಟು ಎಂದರು. ಟಾರ್ಚಿಗೆ ಶೆಲ್ಲು ಹಾಕಿದಂತೆ ಎಂಟನ್ನೂ ಒಂದರ ಹಿಂದೊಂದು ಜೋಡಿಸಿರುವುದರಿಂದ ಜೋರು ಕೂಡುತ್ತಾ ಹೋಗುತ್ತದೆ. ಮೆಟ್ಟಿಲ ಕೆಳಗಿನ ಇನ್ವರ್ಟರ್ ಪೆಟ್ಟಿಗೆ ಅದನ್ನು ನಮ್ಮ ಫ್ಯಾನಿಗೆ, ಮಿಕ್ಸಿಗೆ ಒಗ್ಗುವಂತೆ ಬದಲಾಯಿಸಿ ಕೊಡುತ್ತದೆ. ತಿರುಗುವ ಚಕ್ರವಿಲ್ಲ, ಹೊಗೆಯಿಲ್ಲ, ತಾರಸಿಯ ಮೇಲೆ ಒಂದಿಷ್ಟೂ ಸದ್ದಿಲ್ಲ.

ಆ ದಿನ ಹನ್ನೆರಡರ ಹೊತ್ತಿಗೆ ನಾನು ಬಟ್ಟೆ ಒಣಗಹಾಕುತ್ತಿದ್ದೆ. ಗಾಳಿ ಎಷ್ಟಿತ್ತೆಂದರೆ ಒಂದೊಂದು ಟವೆಲಿಗೂ ಮೂರು ಮೂರು ಕ್ಲಿಪ್ಪು ಬೇಕಾಗುತ್ತಿತ್ತು. ಆಗ ಪ್ಯಾನೆಲ್ಲಿನ ಮೂಲೆಯಿಂದ, ಕಾದ ಎಣ್ಣೆಗೆ ನೀರಿನ ಹನಿ ಬಿದ್ದಂತೆ ಚರ್ ಚರ್ ಸದ್ದು ಕೇಳಿಸಿತು. ಬಗ್ಗಿ ನೋಡಿದರೆ, ಎರಡು ತಂತಿಗಳನ್ನು ಸೇರಿಸಿ ಕಟ್ಟಿದ್ದ ಕಡೆ ನೀಲಿ ಕಿಡಿ. ಬಕೆಟ್ಟನ್ನು ಅಲ್ಲೇ ಬಿಟ್ಟು ಕೆಳಗೆ ಓಡಿದೆ.

ಯಜಮಾನರು ಪೇಪರು ಮಡಿಸಿಟ್ಟರು. ಮೇನ್ ಆರಿಸಿದರು, ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡರು, ಟೆಸ್ಟರು ಮತ್ತು ಕಟಿಂಗ್ ಪ್ಲೇಯರು ಹಿಡಿದು ನಿಧಾನವಾಗಿ ಮೇಲೆ ಬಂದರು. ಅಷ್ಟರಲ್ಲಿ ಮೋಡ ಕವಿದಿತ್ತು. ಸದ್ದೂ ಇಲ್ಲ, ಕಿಡಿಯೂ ಇಲ್ಲ. ಬರಿದಾದ ತಾಮ್ರಕ್ಕೆ ಅವರು ಟೆಸ್ಟರ್ ಮುಟ್ಟಿಸಿದರು. ಅದು ಉರಿಯಲಿಲ್ಲ.

"ಏನೂ ಇಲ್ವಲ್ಲೇ. ಅಳಿಲು ಕಚ್ಚಿದೆ ಅಷ್ಟೆ. ಕತ್ತರಿಸಿ ಟೇಪ್ ಸುತ್ತುತೀನಿ," ಎಂದು ಟೇಪು ತರಲು ಇಳಿದರು.

ಅವರು ಅತ್ತ ಹೋದರು, ಇತ್ತ ಬಿಸಿಲು ಬಂತು. ಮತ್ತೆ ಚರ್ ಎಂದಿತು. ಮೇನ್ ಆರಿಸಿದೆ, ಫ್ಯೂಸು ಅವರ ಜೇಬಿನಲ್ಲಿದೆ, ಆದರೂ ಕಿಡಿ ಹಾರುತ್ತಿದೆ. ಮತ್ತೊಂದು ಮೋಡ ಬಂದಾಗ ಸುಮ್ಮನಾಯಿತು. ಬಿಸಿಲು ಬಂದರೆ ಶುರು, ಮೋಡ ಬಂದರೆ ಬಂದ್. ಟೆಕ್ನಿಷಿಯನ್ನಿಗೆ ಫೋನು ಮಾಡಿದೆ. ಅವರು ಆ ದಿನ ಬೇರೆ ಕೆಲಸಕ್ಕೆಂದು ದೂರದ ಊರಿಗೆ ಹೋಗಿದ್ದರು. ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ.

"ಮೇಡಂ, ಮೊದ್ಲು ಸಾರ್‌ನ ಅಲ್ಲಿಂದ ದೂರ ಕಳ್ಸಿ. ಮೇನ್ ತೆಗೆದ್ರೆ ಬೀದಿ ಕರೆಂಟ್ ನಿಲ್ಲತ್ತೆ, ಸೂರ್ಯ ನಿಲ್ಲಲ್ಲ. ಬೆಳಕಿರೋವರ್ಗೂ ಆ ತಂತೀಲಿ ಆಳನ್ನ ಕೊಲ್ಲೋಷ್ಟು ಇರತ್ತೆ. ಟೆಸ್ಟರ್ ನಂಬ್ಬೇಡಿ, ಇದಕ್ಕೆ ಅದು ಉರಿಯಲ್ಲ."

ತಿರುಗಿ ನೋಡಿದೆ. ಯಜಮಾನರು ಯಾವಾಗ ಬಂದರೋ, ಪ್ಯಾನೆಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದರು. ಎಡಗೈಯಲ್ಲಿ ತಂತಿ, ಬಲಗೈಯಲ್ಲಿ ಬಾಯಿ ತೆರೆದ ಪ್ಲೇಯರು.

ನಾನು ಕೂಗಿದ ಕೂಗಿಗೆ ನೀರಿನ ಟ್ಯಾಂಕಿನ ಮೇಲಿದ್ದ ಪಾರಿವಾಳಗಳೆಲ್ಲ ಎದ್ದು ಹೋದವು. ಅವರು ಬೆಚ್ಚಿ ತಂತಿ ಬಿಟ್ಟರು. ಆಮೇಲೆ ಸಿಟ್ಟು ಬಂತು. ಜೇಬನ್ನು ತಟ್ಟಿ ತೋರಿಸಿದರು.

"ಫ್ಯೂಸ್ ಇಲ್ಲಿದೆ ಕಣೆ. ನಂಗೆ ಹೇಳ್ಕೊಡ್ತೀಯಾ?"

"ಹೇಳ್ಕೊಡಲ್ಲ. ಈ ಮೋಡ ಹೋಗೋವರ್ಗೂ ಕೈ ದೂರ ಇಟ್ಕೊಂಡು ನೋಡಿ. ಆಮೇಲೆ ನಿಮ್ಮಿಷ್ಟ," ಎಂದೆ. ಫೋನಿನಲ್ಲಿ ಆ ಮನುಷ್ಯ ಹಲೋ ಹಲೋ ಎನ್ನುತ್ತಲೇ ಇದ್ದರು.

ನಿಂತೆವು. ಒಂದು ನಿಮಿಷ ಅಷ್ಟು ಉದ್ದ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಎದುರು ಮನೆಯ ಗೋಡೆಗೆ ಬಿಸಿಲು ಬಂತು, ನಮ್ಮ ಟವೆಲುಗಳ ಮೇಲೆ ಬಂತು, ಕೊನೆಗೆ ಪ್ಯಾನೆಲ್ಲುಗಳ ಮೇಲೆ ಬಿತ್ತು. ಕಿಡಿ ಹಾರಿತು. ಈ ಸಲ ಒಂದು ಬೆರಳುದ್ದ.

ಅವರು ಪ್ಲೇಯರನ್ನು ನೆಲಕ್ಕಿಟ್ಟರು. ಎರಡು ಹೆಜ್ಜೆ ಹಿಂದೆ ಸರಿದರು. ಮುಖದಲ್ಲಿ ರಕ್ತವೇ ಇರಲಿಲ್ಲ.

ಇನ್ವರ್ಟರ್ ಪೆಟ್ಟಿಗೆಯ ಹತ್ತಿರದ ಸ್ವಿಚ್ಚು ಆರಿಸಿದರೂ ಪ್ರಯೋಜನವಿಲ್ಲ, ಅಳಿಲು ಕಚ್ಚಿರುವುದು ಅದಕ್ಕಿಂತ ಮೇಲೆ, ಎಂದು ಟೆಕ್ನಿಷಿಯನ್ ವಿವರಿಸಿದರು. ಇದನ್ನು ನಿಲ್ಲಿಸಬೇಕಾದರೆ ಬೆಳಕನ್ನೇ ತಡೆಯಬೇಕು. ರಬ್ಬರ್ ಚಪ್ಪಲಿ ಹಾಕಿಕೊಂಡು, ಕಿಡಿ ಇರುವ ಮೂಲೆಯ ಹತ್ತಿರ ಸುಳಿಯದೆ, ಕಬ್ಬಿಣದ ಸ್ಟ್ಯಾಂಡ್ ಮುಟ್ಟದೆ, ಆಚೆ ತುದಿಯಿಂದ ದಪ್ಪ ಒಣಬಟ್ಟೆ ಹೊದಿಸಿ. ಬೆಂಕಿ ಕಂಡರೆ ನಮಗಲ್ಲ, ಅಗ್ನಿಶಾಮಕದವರಿಗೆ ಫೋನು ಮಾಡಿ, ಎಂದರು.

ಬಟ್ಟೆ ಹಾಕುವ ಒಣ ಬಿದಿರು ಗಳುವಿಗೆ ಸಿಕ್ಕಿಸಿ ಮೊದಲು ಬೆಡ್‌ಶೀಟುಗಳನ್ನು ಹೊದಿಸಿದೆವು. ಸದ್ದು ತಗ್ಗಿತೇ ಹೊರತು ನಿಲ್ಲಲಿಲ್ಲ. ನನ್ನ ಕೂಗು ಕೇಳಿ ಪಕ್ಕದ ಮನೆಯವರು ಅಷ್ಟು ಹೊತ್ತಿಗೆ ತಮ್ಮ ತಾರಸಿಗೆ ಬಂದಿದ್ದರು. ನಾನು ಅವರನ್ನು ಆಪಾ ಎನ್ನುತ್ತೇನೆ, ಅವರು ನನ್ನನ್ನು ಅಕ್ಕಾ ಎನ್ನುತ್ತಾರೆ. ಇಬ್ಬರಲ್ಲಿ ದೊಡ್ಡವರು ಯಾರೆಂದು ಇನ್ನೂ ತೀರ್ಮಾನವಾಗಿಲ್ಲ. ಇಣುಕಿ ನೋಡಿ ಒಳಗೆ ಹೋದವರು, ನೆಂಟರು ಬಂದಾಗ ಹಾಸುವ ದಪ್ಪ ಜಮಖಾನಗಳನ್ನು ಹೊತ್ತು ತಂದರು.

"ಬೆಡ್‌ಶೀಟ್‌ಗೆ ಬಿಸ್ಲು ಎಲ್ಲಿ ನಿಲ್ತದೆ ಅಕ್ಕಾ? ಇದು ತಗೊಳ್ಳಿ," ಎಂದು ಗೋಡೆಯ ಮೇಲಿಂದ ದಾಟಿಸಿ, ತಾವೂ ದಾಟಿ ಬಂದರು. ಯಜಮಾನರ ಮುಖ ನೋಡಿ, "ಅಣ್ಣಾ, ಕಾರ್ಖಾನೆ ಎಲ್ಲಾ ನಡ್ಸಿದ್ರಿ, ಈಗ ಸೂರ್ಯಂಗೆ ಹೊದ್ಸೋ ಡ್ಯೂಟಿ ಬಿತ್ತು," ಎಂದರು. ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದರು.

ಜಮಖಾನದ ಮೇಲೆ ನಮ್ಮ ಕಂಬಳಿಗಳೂ ಬಿದ್ದ ಮೇಲೆ ಸದ್ದು ನಿಂತಿತು. ಆದರೆ ಆಷಾಢದ ಗಾಳಿ ಸುಮ್ಮನಿರಬೇಕಲ್ಲ. ಒಂದು ಅಂಚು ಎದ್ದರೆ ಒಳಗೆ ಬೆಳಕು ನುಗ್ಗುತ್ತಿತ್ತು, ಚರ್ ಎನ್ನುತ್ತಿತ್ತು. ದೂರದಿಂದ ಒಬ್ಬೊಬ್ಬರು ಒಂದೊಂದು ಗಳು ಹಿಡಿದು ಅಂಚುಗಳನ್ನು ಒತ್ತಿಕೊಂಡು ನಿಂತೆವು. ಊಟವಿಲ್ಲ, ನೀರಿಲ್ಲ. ಒಲೆಯ ಪಕ್ಕ ಸಾರಿಗೆ ಹುಳಿ ನೆನೆಹಾಕಿಟ್ಟಿದ್ದು ಹಾಗೇ ಇತ್ತು. ಯಜಮಾನರ ಗಳು ಒಂಚೂರು ಮುಂದೆ ಹೋದರೂ ನಾನು ರೀ ಎನ್ನುತ್ತಿದ್ದೆ. ಅವರು ಎದುರಾಡದೆ ಹಿಂದೆ ಸರಿಯುತ್ತಿದ್ದರು. ಎದುರಾಡಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲವೇನೋ.

ಟೆಕ್ನಿಷಿಯನ್ ಬಂದಾಗ ಐದು ದಾಟಿತ್ತು. ದಪ್ಪ ಗ್ಲೌಸು ಹಾಕಿ, ಮೀಟರು ಇಟ್ಟು ನೋಡಿದರು. ಅಷ್ಟೆಲ್ಲ ಹೊದಿಸಿದ್ದರೂ ಮುಳ್ಳು ಪೂರ್ತಿ ಕೆಳಗಿಳಿದಿರಲಿಲ್ಲ. ಬೆಳಕು ಇನ್ನಷ್ಟು ಇಳಿಯಲೆಂದು ಕಾದು, ಪ್ಯಾನೆಲ್ಲುಗಳನ್ನು ಒಂದೊಂದಾಗಿ ಬಿಡಿಸಿದರು. ಕಚ್ಚಿದ ತಂತಿಯ ತುಂಡನ್ನು ಕತ್ತರಿಸಿ ಯಜಮಾನರ ಕೈಗೆ ಕೊಟ್ಟರು. ಅಂಗೈಯಷ್ಟು ಉದ್ದಕ್ಕೆ ಕಪ್ಪು ಹೊದಿಕೆ ಹೋಗಿ ತಾಮ್ರ ಸುಟ್ಟಿತ್ತು.

"ನಾನು ಹಿಡ್ಕೊಂಡಿದ್ದು ಇಲ್ಲಿ," ಎಂದು ಯಜಮಾನರು ತೋರಿಸಿದರು. ಅವರ ಹೆಬ್ಬೆರಳಿಗೂ ತಾಮ್ರಕ್ಕೂ ನಡುವೆ ಒಂದು ಬಟನ್ನಿನಷ್ಟು ಜಾಗವಿತ್ತು.

"ಇಷ್ಟು ವರ್ಷ ಇದೇ ಕೆಲ್ಸ ಮಾಡಿದೋರು, ನೀವೇ ಹಿಂಗೆ ಮಾಡಿದ್ರೆ ಹೆಂಗೆ ಸಾರ್?"

"ಅದಕ್ಕೇ ಕಣಪ್ಪಾ," ಎಂದರು ಯಜಮಾನರು.

ಆಪಾ ನಮಾಜಿಗೆ ಹೊತ್ತಾಯಿತೆಂದು ಹೊರಟರು. ಬಂದವರಿಗೆ ಕಾಫಿ ಕೊಡಬೇಕಿತ್ತು. ಮೆಟ್ಟಿಲ ತನಕ ಹೋದೆ, ಇಳಿಯಲು ಆಗಲಿಲ್ಲ. ವಾಪಸ್ ಬಂದು ಟ್ಯಾಂಕಿನ ಕಟ್ಟೆಯ ಮೇಲೆ ಕೂತೆ. ಯಜಮಾನರು ನನ್ನನ್ನೊಮ್ಮೆ ನೋಡಿ ಕೆಳಗಿಳಿದರು. ತುಂಬಾ ಹೊತ್ತಾದ ಮೇಲೆ ಮೂರು ಲೋಟ ಕಾಫಿ ಹಿಡಿದು ಮೇಲೆ ಬಂದರು. ಸಕ್ಕರೆ ಹಾಕಿರಲಿಲ್ಲ. ನಾವು ಮೂವರೂ ಕೊನೆಯ ಗುಟುಕಿನವರೆಗೂ ಕುಡಿದೆವು.